‘ಗೊತ್ತಿಲ್ಲ’ ಎಂದು ಬರೆದ ನಕ್ಷೆ

ಹೋದ ವಾರ ಬೀದರಿನ ನಮ್ಮ ಚಿದ್ರಿಯ ಓಣಿಯಲ್ಲಿ ಎದುರು ಮನೆಯವರು ಉಪ್ಪಿನಕಾಯಿ ಭರಣಿ ತೊಳೆದು ಆ ಉಪ್ಪುನೀರನ್ನು ಅಂಗಳಕ್ಕೆ ಚೆಲ್ಲಿದರು. ಮಧ್ಯಾಹ್ನದ ಹೊತ್ತು. ಬಿಸಿಲಿಗೆ ಕಾದ ಕೆಂಪು ಮಣ್ಣು ಒಮ್ಮೆ ಚುರ್ ಎಂದು ಕುಡಿಯಿತು, ಆಮೇಲೆ ಆ ವಾಸನೆ ಎದ್ದಿತು... ಮೊದಲ ಮಳೆಗೆ ಏಳುತ್ತದಲ್ಲ, ಆ ವಾಸನೆ ಅಲ್ಲ. ಇದರಲ್ಲಿ ಕಬ್ಬಿಣ ಇದೆ, ಬೆವರು ಇದೆ. ಚಹಾ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದ ನಾನು ಕಪ್ಪನ್ನು ಕಟ್ಟೆಯ ಮೇಲೆ ಕುಕ್ಕಿ ಒಳಗೆ ಹೋದೆ. "ಯಾಕ್ರಿ, ಚಾ ಛೊಲೋ ಆಗಿಲ್ಲೇನ್ರಿ?" ಎಂದಳು ಹೆಂಡತಿ. ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಕೇಳಿದರೆ ಒಂದು ಪಟ್ಟಿಯೇ ಇದೆ. ಆ ಪಟ್ಟಿಯ ತಲೆಗೇ ನನ್ನ ಹೆಸರಿದೆ.

ಆ ವಾಸನೆ ನನಗೆ ಗುರುತಾದದ್ದು ಮೇಡಂ ಅವರಿಂದ. ಅವರು ಭಾಲ್ಕಿಯ ಒಂದು ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದರು, ತವರು ಔರಾದ. ನಾನು ಅವರ ವಿದ್ಯಾರ್ಥಿ ಅಂತ ತಿಳಿಯಬೇಡಿ. ಪಿಯುಸಿಯಲ್ಲಿ ಗಣಿತದಲ್ಲೇ ನಪಾಸಾಗಿ ಬೋರ್‌ವೆಲ್ ಗಾಡಿ ಹತ್ತಿದವನು ನಾನು. ಹಲಬರ್ಗಾದ ಕಡೆಯ ಒಂದು ಗಾಡಿಯಲ್ಲಿ ಆರು ವರ್ಷ ರಾಡು ಜೋಡಿಸಿ, ಧೂಳು ನುಂಗಿ, ಬೆನ್ನು ಹಿಡಿದುಕೊಂಡ ಮೇಲೆ ಮನೆಯಲ್ಲಿ ಕುಳಿತಿದ್ದೆ. ಕಾಲೇಜಿನ ಮೇಡಂ ಒಬ್ಬರಿಗೆ ನೆಲ ಬಲ್ಲ ಆಳು ಬೇಕಾಗಿದೆಯಂತೆ ಎಂದು ಯಾರೋ ಹೇಳಿದರು. ಗಣಿತದವರಿಗೆ ನೆಲ ಯಾಕೆ ಬೇಕಪ್ಪಾ ಎಂದುಕೊಂಡೇ ಹೋದೆ.

ಅವರು ಕೇಳಿದ ಮೊದಲ ಮಾತು ಇದು. "ನೆಲದೊಳಗ ಏನದ ಅಂತ ನಿನಗ ಹ್ಯಾಂಗ ಗೊತ್ತಾಗ್ತದ ತಮ್ಮಾ?"

"ಕೊರದ್ರ ಗೊತ್ತಾಗ್ತದ್ರಿ ಮೇಡಂ."

"ನಾ ಕೊರೀದೇ ಹೇಳಬೇಕಂತೇನಿ," ಎಂದು ನಕ್ಕರು. ನಕ್ಕಾಗ ಮುಂದಿನ ಎರಡು ಹಲ್ಲಿನ ನಡುವಿನ ಸಂದು ಕಾಣುತ್ತಿತ್ತು. ಪಿಎಚ್‌ಡಿ ಮಾಡಿದ ಹೆಂಗಸು ಹೀಗೆ ನಗುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಅವರ ವಿಷಯಕ್ಕೆ ಇನ್ವರ್ಸ್ ಪ್ರಾಬ್ಲಂ ಎಂದು ಹೆಸರು. ನನಗೆ ಅದನ್ನು ಅವರು ಬೋರ್ಡಿನ ಮೇಲೆ ಹೇಳಲಿಲ್ಲ, ಭಾಲ್ಕಿಯ ಸಂತೆಯಲ್ಲಿ ಗಡಿಗೆ ಮಾರುವವಳ ಮುಂದೆ ಕೂಡಿಸಿ ಹೇಳಿದರು. ಕುಂಬಾರ ಅಜ್ಜಿ ಒಂದೊಂದೇ ಗಡಿಗೆ ಎತ್ತಿ ಬೆರಳಿನ ಗೆಣ್ಣಿನಿಂದ ಟಣ್ ಟಣ್ ಎಂದು ಬಡಿದು ತೋರಿಸುತ್ತಿದ್ದಳು. ಬಿರುಕಿದ್ದರೆ ಸದ್ದು ಹೀಗೆ ಎಂದು ಹೇಳುವುದು ಸಸಾರ. ಸದ್ದು ಕೇಳಿ ಬಿರುಕು ಎಲ್ಲಿದೆ, ಎಷ್ಟಿದೆ ಎಂದು ಹೇಳುವುದು ಕಷ್ಟ. ಹಿಂದಿನಿಂದ ಮುಂದಕ್ಕಲ್ಲ, ಮುಂದಿನಿಂದ ಹಿಂದಕ್ಕೆ ಹೋಗುವ ಲೆಕ್ಕ ಅದು. ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ಯದೇ ಒಳಗಿನ ಚಿತ್ರ ತೆಗೆಯುವುದೂ, ನೆಲ ಅಗೆಯದೇ ಒಳಗಿನ ಚಿತ್ರ ತೆಗೆಯುವುದೂ ಅದೇ ಲೆಕ್ಕ ಎಂದರು. ಅಷ್ಟರಲ್ಲಿ ಅಜ್ಜಿ ಒಂದು ಗಡಿಗೆಯನ್ನು ಎರಡು ಸಲ ಬಡಿದು, ಕಿವಿ ಹಚ್ಚಿ, ಪಕ್ಕಕ್ಕಿಟ್ಟಳು. "ಇದರದ್ದು ನನಗ ತಿಳೀವಲ್ದು ಯವ್ವಾ. ನೀರ್ ಹಾಕಿ ನೋಡಬೇಕು." ಮೇಡಂ ನನ್ನ ತೋಳು ಹಿಡಿದು ಅಲುಗಾಡಿಸಿದರು. "ಕೇಳ್ದಿ? ಅಕಿ ನಮ್ಮೆಲ್ಲರಕಿಂತ ದೊಡ್ಡ ಗಣಿತದಕಿ." ಆ ಗಡಿಗೆಯನ್ನೇ ಕೊಂಡು ಮನೆಗೆ ಒಯ್ದರು. ಅದು ಸೋರಿತೋ ಇಲ್ಲವೋ ನನಗೆ ನೆನಪಿಲ್ಲ...

ನಮ್ಮ ಕೆಲಸ ಹೀಗಿತ್ತು. ಹಗ್ಗ ಹಿಡಿದು ಸಾಲಾಗಿ ಕಬ್ಬಿಣದ ಗೂಟ ಬಡಿಯುವುದು, ಗೂಟಕ್ಕೆ ವೈರು ಕಟ್ಟುವುದು, ಎರಡು ಗೂಟದಿಂದ ಕರೆಂಟು ಬಿಟ್ಟು ಉಳಿದವುಗಳಲ್ಲಿ ಎಷ್ಟು ಬರುತ್ತದೆ ಎಂದು ಅಳೆಯುವುದು. ಬೀದರಿನ ಕೆಂಪು ಕಲ್ಲು ಬೇಸಿಗೆಯಲ್ಲಿ ಕರೆಂಟು ಹಿಡಿಯುವುದಿಲ್ಲ, ಒಣ ರೊಟ್ಟಿಯ ಹಾಗೆ ಕೂತಿರುತ್ತದೆ. ಅದಕ್ಕೇ ಪ್ರತಿ ಗೂಟದ ಬುಡಕ್ಕೆ ಒಂದೊಂದು ತಂಬಿಗೆ ಉಪ್ಪುನೀರು ಹೊಯ್ಯಬೇಕು. ಆ ವಾಸನೆ ಅಲ್ಲಿಯದು.

ಬೀದರ ಊರಿನ ಅಂಚಿನ ಒಂದು ಹೊಸ ಬಡಾವಣೆಯಲ್ಲಿ ಕುಡಿಯುವ ನೀರಿನ ದೊಡ್ಡ ಟಾಕಿ ಕಟ್ಟುವುದೆಂದು ಆಗಿತ್ತು. ಬೀದರಿನ ನೆಲದ ಕೆಳಗೆ ಹಳೆಯ ಕಾಲದವರು ನೀರಿಗಾಗಿ ತೋಡಿದ ಸುರಂಗಗಳಿವೆ; ಕೆಲವು ಗೊತ್ತು, ಕೆಲವು ಎಲ್ಲಿವೆ ಎಂದು ತೋಡಿದವರ ಜೊತೆಗೇ ಹೋಯಿತು. ಟಾಕಿಯ ಜಾಗದ ಕೆಳಗೆ ಏನಾದರೂ ಇದೆಯೇ ನೋಡಿ ಹೇಳಿ ಎಂದು ಆ ಕೆಲಸದ ಉಸ್ತುವಾರಿಯ ಸಾಹೇಬರು ಮೇಡಂ ಬಳಿ ಬಂದರು. ಮೇಡಂ ದುಡ್ಡು ಕೇಳುವವರಲ್ಲ ಎಂಬುದು ಅವರಿಗೆ ಗೊತ್ತಿತ್ತು. ಮೇಲಾಗಿ ಡೀಪ್ ಲರ್ನಿಂಗ್ ಎಂಬ ಎರಡು ಶಬ್ದ ವರದಿಯಲ್ಲಿ ಇದ್ದರೆ ಮೇಲಿನವರು ಖುಷಿಯಾಗುತ್ತಾರೆ ಎಂಬುದೂ ಗೊತ್ತಿತ್ತು.

ಜಾಗದ ಮಗ್ಗುಲಿಗೆ ಒಂದು ಎರಡು ಕೋಣೆಯ ಮನೆ. ಅದರಲ್ಲಿ ಒಬ್ಬ ಆಯಿ ಇದ್ದಳು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಸಿಟ್ಟು ಬಂದರೆ ಎರಡೂ ಕೂಡಿಯೇ ಬರುತ್ತಿದ್ದವು. ನಮಗೆ ಕೊಡಗಟ್ಟಲೆ ನೀರು ಕೊಟ್ಟವಳು ಅವಳು. ಮೊದಲ ದಿನ ಉಪ್ಪು ಮರೆತು ಬಂದಿದ್ದೆ, ಅವಳ ಮನೆಯ ಹರಳುಪ್ಪಿನ ಡಬ್ಬಿಯನ್ನೇ ತಂದು ಕೈಗಿಟ್ಟಳು. "ಏ ಬಾಳಾ, ನೆಲಕ್ಕ ಉಪ್ಪ ಹಾಕಿ ಏನ್ ಸಾರ್ ಮಾಡ್ತೀರೇನು?" ಎಂದು ಕಟ್ಟೆಯ ಮೇಲೆ ಕುಳಿತು ನಗುತ್ತಿದ್ದಳು. ಮೇಡಂ ಅವಳಿಗೂ ಗಡಿಗೆಯ ಲೆಕ್ಕವನ್ನೇ ಹೇಳಿದರು. ಅವಳಿಗೆ ನನಗಿಂತ ಬೇಗ ತಿಳಿಯಿತು.

ಮೊದಲು ಬಂದ ಚಿತ್ರ ಮಸುಕು. ಕಾಗದದ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಬಣ್ಣ ಹರಡಿಕೊಂಡಿತ್ತು. ಹಳೆಯ ಪದ್ಧತಿಯ ಲೆಕ್ಕ ಹಾಗೇ ಬರುತ್ತದೆ ಎಂದರು ಮೇಡಂ. ಅವರ ಸಂಶೋಧನೆಯೇ ಅದನ್ನು ಸ್ಪಷ್ಟ ಮಾಡುವುದರ ಬಗ್ಗೆ. ಕಂಪ್ಯೂಟರಿಗೆ ಲೆಕ್ಕವಿಲ್ಲದಷ್ಟು ಉದಾಹರಣೆ ತೋರಿಸಬೇಕು: ನೆಲದೊಳಗೆ ಹೀಗಿದ್ದರೆ ಮೇಲಿನ ಅಳತೆ ಹೀಗೆ ಬರುತ್ತದೆ, ಹಾಗಿದ್ದರೆ ಹಾಗೆ. ತೋರಿಸುತ್ತ ಹೋದರೆ ಅಳತೆ ನೋಡಿ ನೆಲದ ಚಿತ್ರ ಬಿಡಿಸುವುದನ್ನು ಅದೇ ಕಲಿಯುತ್ತದೆ.

"ನಮ್ಮ ಡ್ರಿಲ್ಲರ್ ಕಲತಾಂಗ ಅನ್ರಿ," ಎಂದೆ.

"ಹೂಂ, ಹಾಂಗೇ. ಆದ್ರ ನಿಮ್ಮ ಡ್ರಿಲ್ಲರ್ ಸುಳ್ಳ ಹೇಳಿದ್ರ ಮಾರಿ ನೋಡಿ ಹಿಡೀಬಹುದು. ಇದಕ್ಕ ಮಾರೀನೇ ಇಲ್ಲಲ್ಲ ತಮ್ಮಾ."

ಉದಾಹರಣೆಗೆ ನಿಜವಾದ ನೆಲ ಬೇಕಿತ್ತು. ಅಲ್ಲಿ ನನ್ನ ಉಪಯೋಗ ಬಂತು. ಪ್ರತಿ ಬೋರ್ ಗಾಡಿಯಲ್ಲೂ ಒಂದು ಪುಸ್ತಕ ಇರುತ್ತದೆ. ಎಷ್ಟು ಅಡಿಗೆ ಮಣ್ಣು, ಎಷ್ಟಕ್ಕೆ ಕೆಂಪು ಕಲ್ಲು, ಎಷ್ಟಕ್ಕೆ ಕರಿ ಕಲ್ಲು, ಎಲ್ಲಿ ನೀರು ಎಂದು ಬರೆದಿರುತ್ತಾರೆ. ಹಲಬರ್ಗಾ, ಸಾಯಗಾಂವ, ಔರಾದಿನ ಸುತ್ತಿನ ಹಳ್ಳಿಗಳು, ಬೀದರಿನ ನಾಕೂ ದಿಕ್ಕು... ಹಳೆಯ ಗೆಳೆತನ ಹಿಡಿದು ತಿರುಗಿ ಒಂದು ಗೋಣಿಚೀಲದ ತುಂಬ ಪುಸ್ತಕ ತಂದೆ. ಎಣ್ಣೆ, ಗ್ರೀಸು, ಅಡಕೆಯ ಕಲೆ. ಮೇಡಂ ಅವನ್ನು ಹಾಳೆ ಹಾಳೆ ಓದಿ ಕಂಪ್ಯೂಟರಿಗೆ ಹಾಕಿದರು. ಮೂರು ತಿಂಗಳು ಹಿಡಿಯಿತು. ನಾನು ಓದಿ ಹೇಳುವುದು, ಅವರು ಒತ್ತುವುದು.

ಆಮೇಲೆ ಬಂದ ಚಿತ್ರ ನೋಡಬೇಕಿತ್ತು ನೀವು! ಗೋಡೆಗೆ ಬಣ್ಣ ಹಚ್ಚಿದ ಹಾಗೆ. ಇಲ್ಲಿಂದ ಇಲ್ಲಿಗೆ ಮಣ್ಣು, ಇಲ್ಲಿಂದ ಇಲ್ಲಿಗೆ ಗಟ್ಟಿ ಕಲ್ಲು, ಗೆರೆ ಕೊರೆದಂತೆ. ಟಾಕಿಯ ಜಾಗದ ಕೆಳಗೆ ಕೊನೆಯ ತನಕ ಗಟ್ಟಿ ಕಲ್ಲು. ಮೇಡಂ ತಮ್ಮ ನಿಯಮದಂತೆ ತಿರುಗಿಸಿ ಲೆಕ್ಕ ಹಾಕಿದರು. ಈ ಚಿತ್ರವೇ ನಿಜವಾದರೆ ಮೇಲಿನ ಅಳತೆ ಎಷ್ಟು ಬರಬೇಕು? ನಾವು ಅಳೆದದ್ದಕ್ಕೆ ಬರಾಬರ್ ಹೊಂದಿತು. ಅವತ್ತು ಅವರು ಕಾಲೇಜಿನ ಎಲ್ಲರಿಗೂ ಪೇಡೆ ಹಂಚಿದರು. ಚಿತ್ರದ ಕೆಳಗೆ ಸಹಿ ಮಾಡಿ ಸಾಹೇಬರಿಗೆ ಕಳಿಸಿದರು. ನಾನೇ ಅವಸರ ಮಾಡಿದೆ, ಅದನ್ನೂ ಹೇಳಿಬಿಡುತ್ತೇನೆ. ಸಾಹೇಬರು ನನಗೆ ಕಚೇರಿಯಲ್ಲಿ ಗುತ್ತಿಗೆಯ ಕೆಲಸ ಕೊಡುವ ಮಾತಾಡಿದ್ದರು.

ಒಂದು ವಾರ ಕಳೆದಿರಬೇಕು. ಆ ಪುಸ್ತಕಗಳನ್ನು ತಿರುಗಿ ಕೊಡಲೆಂದು ಚೀಲಕ್ಕೆ ತುಂಬುತ್ತಿದ್ದೆ. ಮೇಡಂ ಒಂದನ್ನು ಎತ್ತಿಕೊಂಡು ಹಾಳೆ ತಿರುವುತ್ತ ಕೇಳಿದರು. "ತಮ್ಮಾ, ಇಷ್ಟು ಬೋರಿನಾಗ ಒಂದಕ್ಕೂ ಪೊಳ್ಳ ಹತ್ತಿಲ್ಲಲ್ಲ, ಯಾಕ?"

ನಾನು ನಕ್ಕೆ. ಇವತ್ತಿಗೂ ಆ ನಗು ನೆನೆದರೆ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ. "ಪೊಳ್ಳ ಹತ್ತದೇನ್ರಿ ಮೇಡಂ! ಬೀದರನಾಗ ಮಸ್ತ್ ಹತ್ತತಾವ. ರಾಡ್ ಒಮ್ಮೆ ಝಲ್ ಅಂತ ಕೆಳಗ ಇಳೀತದ. ಆದ್ರ ಯಾರ ಬರೀತಾರ್ರಿ ಅದನ್ನ? ಬರದ್ರ ಮುಂದಿನ ಬೋರಿಗಿ ಗಾಡೀನೇ ಸಿಕ್ಕೊಳ್ತದ ಅಂತಾರ. ಕಾಯಿ ಒಡದು, ಮುಚ್ಚಿ, ಬ್ಯಾರೆ ಕಡಿ ಹಾಕ್ತಾರ. ಜಾಗದ ಮಾಲಕಗೂ ಅದೇ ಬೇಕು. ಪೊಳ್ಳ ಅದ ಅಂತ ಗೊತ್ತಾದ್ರ ಪ್ಲಾಟ್ ಯಾರ್ ತೊಗೋತಾರ?"

ಮೇಡಂ ಕುರ್ಚಿಯಲ್ಲಿ ಕುಳಿತುಬಿಟ್ಟರು. ಆಮೇಲೆ ಪುಸ್ತಕ ಎತ್ತಿ ಗೋಡೆಗೆ ಎಸೆದರು. ಅವರ ಸಿಟ್ಟನ್ನು ನಾನು ನೋಡಿದ್ದು ಅದೊಂದೇ ಸಲ. "ಒಂದ ಸಲಾನೂ ತೋರಿಸಿಲ್ಲ ನಾನು ಅದಕ್ಕ. ಕಾಣದ್ದನ್ನ ಹ್ಯಾಂಗ ಬಿಡಸ್ತದ ಅದು? ಪೊಳ್ಳ ಇದ್ದಲ್ಲೂ ಕಲ್ಲೇ ಬಿಡಸ್ತದ! ಇಷ್ಟ ದಿನ ಯಾಕ ಹೇಳಲಿಲ್ಲೋ?"

"ನೀವು ಕೇಳಲಿಲ್ರಿ..." ಎಂದೆ. ಅದು ಖರೆಯೇ. ಬೋರಿನವರಿಗೆ ಅದು ಹೇಳುವ ಮಾತೇ ಅಲ್ಲ, ಮನೆಯಲ್ಲಿ ಸತ್ತವರ ಚಪ್ಪಲಿಯ ಬಗ್ಗೆ ಯಾರೂ ಮಾತಾಡುವುದಿಲ್ಲವಲ್ಲ, ಹಾಗೆ.

ಆ ದಿನ ಅವರು ಊಟ ಮಾಡಲಿಲ್ಲ. ಟಾಕಿಯ ಜಾಗದ ಚಿತ್ರವನ್ನು ಕೈಯಿಂದ ತಿದ್ದಿ, ಕಲ್ಲಿನ ನಡುವೆ ಒಂದು ಪೊಳ್ಳು ಇಟ್ಟು, ತಿರುಗಿಸಿ ಲೆಕ್ಕ ಹಾಕಿದರು. ಅದೂ ಅಳತೆಗೆ ಹೊಂದಿತು. ಒಣಗಿದ ಕೆಂಪು ಕಲ್ಲೂ ಕರೆಂಟು ಬಿಡುವುದಿಲ್ಲ, ಖಾಲಿ ಪೊಳ್ಳೂ ಬಿಡುವುದಿಲ್ಲ. ಮೇಲಿನಿಂದ ನೋಡಿದರೆ ಎರಡೂ ಒಂದೇ. ಮೇಡಂ ಎರಡೂ ಚಿತ್ರವನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಮುದ್ರಿಸಿದರು. ಮೂರನೆಯದಾಗಿ ಜಾಗದ ನಕ್ಷೆ ಬರೆದು, ಟಾಕಿ ನಿಲ್ಲುವಲ್ಲಿ ಕಪ್ಪು ಗೆರೆಯ ಚೌಕ ಹಾಕಿ, ಅದರೊಳಗೆ ದೊಡ್ಡ ಅಕ್ಷರದಲ್ಲಿ ‘ಗೊತ್ತಿಲ್ಲ’ ಎಂದು ಬರೆದರು. ಜೊತೆಗೆ ಪತ್ರ. ಹಿಂದೆ ಕಳಿಸಿದ ಚಿತ್ರವನ್ನು ನಂಬಬೇಡಿ, ಅದರಲ್ಲಿ ನನ್ನ ತಪ್ಪಿದೆ, ಕಟ್ಟುವ ಮೊದಲು ಈ ಚೌಕದಲ್ಲಿ ಒಂದು ಬೋರು ಹಾಕಿ ನೋಡಿ. ಇಷ್ಟೇ. ಅರ್ಧ ದಿನದ ಕೆಲಸ. ಗಡಿಗೆಗೆ ನೀರು ಹಾಕಿ ನೋಡುವುದು.

ಸಾಹೇಬರಿಗೆ ಎಲ್ಲ ಕಾಗದದಲ್ಲೇ ಆಗಬೇಕು. ಪತ್ರ ಕೊಟ್ಟು ಬರಲು ಮೇಡಂ ನನ್ನನ್ನು ಕಳಿಸಿದರು. ಎರಡು ಪ್ರತಿ, ಒಂದು ಅವರಿಗೆ, ಇನ್ನೊಂದರ ಮೇಲೆ ಕಚೇರಿಯವರ ಸಿಕ್ಕಾ ಮತ್ತು ಸಹಿ ಹಾಕಿಸಿ ತರಬೇಕು. ಕಚೇರಿಯ ಮಾತಿನಲ್ಲಿ ಅದಕ್ಕೆ ಓಸಿ ಅನ್ನುತ್ತಾರೆ. ಗುಮಾಸ್ತ ಸಿಕ್ಕಾ ಹೊಡೆದ, ಸಹಿ ಹಾಕಿದ. ನಾನು ಓಸಿ ಮಡಚಿ ಚೀಲದಲ್ಲಿಟ್ಟೆ, ಮೇಡಂ ಕೈಗೆ ಕೊಡುವುದು ಹಾಗೇ ಉಳಿಯಿತು.

ಎರಡು ದಿನಕ್ಕೆ ಸಾಹೇಬರು ಮೇಡಂ ಅವರನ್ನು ಕರೆಸಿದರು. ನಾನು ಬಾಗಿಲ ಬಳಿ ನಿಂತಿದ್ದೆ. "ಏನ್ರಿ ಮೇಡಂ, ಇಷ್ಟ ಓದಿ ಗೊತ್ತಿಲ್ಲ ಅಂತ ಬರೀತೀರಿ? ಡಾಕ್ಟರ್ ಗೊತ್ತಿಲ್ಲ ಅಂದ್ರ ನೀವು ಗುಳಗಿ ತೊಗೋತೀರೇನ್ರಿ?"

"ಗೊತ್ತಿಲ್ಲ ಅನ್ನೋ ಡಾಕ್ಟರ್ ಪಾಡ್ರಿ. ಗೊತ್ತಿಲ್ಲದೇ ಕೊಯ್ಯಾವ್ರು ಬ್ಯಾಡ್ರಿ."

"ಮೊದಲ ಕಳಿಸಿದ ಚಿತ್ರ ಎಷ್ಟ ಛಂದ ಇತ್ತು! ಅದನ್ನ ಮ್ಯಾಲ ಕಳಿಸಿ ಮಂಜೂರೀನೂ ಆಗ್ಯಾದ. ಈಗ ಬೋರ್ ಹಾಕು ಅಂದ್ರ ಮತ್ತ ಫೈಲ್, ಮತ್ತ ಟೆಂಡರ್. ಬಿಡ್ರಿ, ನಿಮಗ ಟೆನ್ಶನ್ ಭಾಳ."

ಹೀಗೆ ಮುಗಿಯಿತು ಮಾತು. ಥೂ! ಛಂದ ಇತ್ತಂತೆ! ನೆಲದ ಚಿತ್ರವೇನು ಮದುವೆಯ ಫೋಟೋವೇ, ಛಂದ ಬರಲಿಕ್ಕೆ? ಮೇಡಂ ಮತ್ತೆ ಎರಡು ಸಲ ಹೋದರು. ಎರಡನೆಯ ಸಲ ಒಳಗೇ ಬಿಡಲಿಲ್ಲ. ಅದೇ ತಿಂಗಳು ನನಗೆ ಗುತ್ತಿಗೆಯ ಕೆಲಸ ಸಿಕ್ಕಿತು. ಸಾಹೇಬರ ಜೀಪಿನ ಹಿಂದೆ ಕೂತು ಟೇಪು ಹಿಡಿಯುವ ಕೆಲಸ. ಅದನ್ನು ಹೇಳಲು ಹೋದಾಗ ಮೇಡಂ, "ಪಾಡಾಯ್ತು ತಮ್ಮಾ, ಬೆನ್ನಿಗಿ ಆರಾಮ," ಎಂದರು. ಅಷ್ಟೇ. ಒಂದು ಕೊಂಕು ಮಾತೂ ಇಲ್ಲ. ಒಂದು ಮಾತು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಟಾಕಿ ಎದ್ದಿತು. ನೀಲಿ ಬಣ್ಣ ಹಚ್ಚಿದರು. ಮೊದಲ ಸಲ ತುಂಬ ನೀರು ತುಂಬಿಸಿದ ದಿನ ಹಾರ ಹಾಕಿ ಕಾಯಿ ಒಡೆದರು, ಆಯಿ ಕೂಡ ಕುಂಕುಮ ಹಚ್ಚಿ ಬಂದಳು. ಹನ್ನೊಂದನೆಯ ದಿನ, ಹಗಲು ಹನ್ನೆರಡರ ಸುಮಾರು, ಟಾಕಿಯ ಒಂದು ಕಾಲು ನೆಲದೊಳಗೆ ಇಳಿಯಿತು. ಟಾಕಿ ವಾಲಿ ನಿಂತಿತು, ಬೀಳಲಿಲ್ಲ. ಬಿದ್ದದ್ದು ಮಗ್ಗುಲಿನ ನೆಲ. ಆಯಿಯ ಅಡುಗೆ ಕೋಣೆ ಒಲೆ ಸಮೇತ ಒಳಗೆ ಹೋಯಿತು, ಅವಳು ರೊಟ್ಟಿ ಬಡಿಯುತ್ತಿದ್ದಳಂತೆ... ಅವಳನ್ನು ಹೊರಗೆ ತೆಗೆದವರಲ್ಲಿ ನಾನೂ ಒಬ್ಬ. ಕೆಳಗೆ, ಕಲ್ಲಿನಲ್ಲಿ ಕೊರೆದ ಹಳೆಯ ಸುರಂಗ, ಒಬ್ಬ ಮನುಷ್ಯ ನಡೆದು ಹೋಗುವಷ್ಟು ಎತ್ತರ, ಒಣಗಿ ಖಾಲಿ. ಮೇಡಂ ಹಾಕಿದ್ದ ಚೌಕದ ಒಳಗೇ ಇತ್ತು.

ಯಾರ ತಪ್ಪು ಎಂಬ ಮಾತು ಬಂತು. ಸಾಹೇಬರ ಬಳಿ ಉತ್ತರ ತಯಾರಿತ್ತು. ಮೇಡಂ ಸಹಿ ಮಾಡಿದ ಛಂದದ ಚಿತ್ರ. ‘ಗಣಿತದ ಮೇಡಂ ಕೊಟ್ಟ ತಪ್ಪು ಚಿತ್ರಕ್ಕೆ ಬಲಿ’ ಎಂದು ಪತ್ರಿಕೆಯಲ್ಲೂ ಬಂತು. ಮೇಡಂ ತಾವು ಕೊಟ್ಟ ಎರಡನೆಯ ಪತ್ರದ ಮಾತೆತ್ತಿದರು. ಅಂಥ ಪತ್ರ ನಮಗೆ ಬಂದೇ ಇಲ್ಲ ಎಂದರು ಕಚೇರಿಯವರು. ಬಂದ ಪತ್ರಗಳನ್ನು ಬರೆದಿಡುವ ಆವಕದ ಪುಸ್ತಕದಲ್ಲಿ ಆ ದಿನದ ಹಾಳೆಯೇ ಇರಲಿಲ್ಲ. ಮೇಡಂ ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನು ಯಾರು ನಂಬುತ್ತಾರೆ? ಇವತ್ತು ಬರೆದು ಅಂದಿನ ತಾರೀಖು ಹಾಕಬಹುದಲ್ಲ.

ಸಿಕ್ಕಾ ಇದ್ದದ್ದು ಓಸಿಯ ಮೇಲೆ. ಓಸಿ ಇದ್ದದ್ದು ನನ್ನ ಬಳಿ.

ಮೇಡಂ ನಮ್ಮ ಮನೆಗೇ ಬಂದರು. ಬಿಸಿಲಲ್ಲಿ ನಡೆದು ಬಂದಿದ್ದರು, ಕೂಡಲಿಲ್ಲ, ನೀರು ಕೇಳಿದರು. "ತಮ್ಮಾ, ಆ ಓಸಿ ಎಲ್ಲದ?"

ಹಿಂದಿನ ದಿನವೇ ಸಾಹೇಬರು ನನ್ನನ್ನು ಕರೆದು ಹೆಗಲ ಮೇಲೆ ಕೈಯಿಟ್ಟು ಮಾತಾಡಿದ್ದರು. ಹೆಂಡತಿಗೆ ಏಳನೆಯ ತಿಂಗಳು. ಇವೆಲ್ಲ ನೆಪಗಳು; ಆಗಲೂ ನೆಪವೇ, ಈಗಲೂ ನೆಪವೇ. "ಕಳದದ್ರಿ ಮೇಡಂ," ಎಂದೆ. ಅದು ಆ ಹೊತ್ತಿಗೆ ನಾನು ನಿಂತಿದ್ದ ಜಾಗದಿಂದ ಮೂರು ಮಾರು ದೂರದಲ್ಲಿ, ಟ್ರಂಕಿನೊಳಗೆ, ನನ್ನ ಹಳೆಯ ಬೋರಿನ ಪುಸ್ತಕದ ನಡುವೆ ಇತ್ತು.

ಅವರು ನನ್ನ ಮುಖವನ್ನೇ ನೋಡಿದರು. "ಜರಾ ಹುಡುಕಿ ನೋಡು," ಎಂದರು. ಗ್ಲಾಸು ಕಟ್ಟೆಯ ಮೇಲಿಟ್ಟು ಹೋದರು.

ವಿಚಾರಣೆಯ ದಿನ ಮೂವರು ಕುಳಿತಿದ್ದರು. ಅವರಲ್ಲೊಬ್ಬರು ನನ್ನನ್ನು ನೇರ ಕೇಳಿದರು, ಎರಡನೆಯ ಪತ್ರ ನೀನು ಕೊಟ್ಟದ್ದು ಖರೆಯೇ ಎಂದು. ಮೇಡಂ ಪಕ್ಕದ ಕುರ್ಚಿಯಲ್ಲಿದ್ದರು. "ಇಲ್ರಿ ಸರ್," ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ರಾಡು ಪೊಳ್ಳಿಗೆ ಇಳಿದ ಹಾಗೆ. ಮೇಡಂ ತಲೆ ಎತ್ತಲಿಲ್ಲ.

ಮೇಡಂ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಆಗಿದ್ದರು, ವರ್ಷ ವರ್ಷಕ್ಕೆ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಮುಂದಿನ ವರ್ಷ ಕರೆಯಲಿಲ್ಲ. ಅವರ ಲೇಖನಗಳನ್ನು ಯಾರೋ ವಾಪಸು ಕಳಿಸಿದರೆಂದು ಕೇಳಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ದೊಣ್ಣೆ ಸಾಹೇಬರದ್ದಲ್ಲ, ನನ್ನದು. ಅವರು ಗಂಟು ಕಟ್ಟಿಕೊಂಡು ಔರಾದಿಗೆ ಹೋದರು. ಸಾಹೇಬರಿಗೆ ಬಡ್ತಿ ಆಯಿತು, ಬೇರೆ ಜಿಲ್ಲೆಗೆ ಹೋದರು. ನನಗೆ ಮಗಳು ಹುಟ್ಟಿದಳು, ಗುತ್ತಿಗೆ ಮುಂದುವರಿಯಿತು. ವಾಲಿದ ಟಾಕಿಯನ್ನು ಕೆಡವಿದರು. ಆಯಿಯ ಮನೆ ಇದ್ದಲ್ಲಿ ಮಣ್ಣು ತುಂಬಿ ಸಾಪಾಟು ಮಾಡಿದ್ದಾರೆ, ಈಗ ಅಲ್ಲಿ ಗಾಡಿ ನಿಲ್ಲಿಸುತ್ತಾರೆ.

ಇದೆಲ್ಲ ಹೋದ ವಾರದ ಆ ವಾಸನೆಗೆ ಎದ್ದು ಬಂತು. ಎದ್ದು ಬಂತು ಎಂದರೆ ಮಲಗಿತ್ತು ಎಂದು ಅರ್ಥವಲ್ಲ... ಮರುದಿನ ಟ್ರಂಕು ತೆಗೆದು, ಓಸಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಔರಾದಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಹೇಳಿಕೊಂಡೆ. ಕಾಲಿಗೆ ಬೀಳುತ್ತೇನೆ, ಬೈದರೆ ಬೈಸಿಕೊಳ್ಳುತ್ತೇನೆ, ಹೊಡೆದರೆ ಇನ್ನೂ ಛೊಲೋ.

ಬಾಗಿಲು ತೆರೆದದ್ದು ಅವರ ತಂಗಿ. ಅದೇ ಹಲ್ಲಿನ ಸಂದು. ಮೇಡಂ ಇದ್ದಾರೇನ್ರಿ ಎಂದು ಕೇಳಿದೆ.

"ಅಕ್ಕ ತೀರಕೊಂಡು ಎಂಟ್ ತಿಂಗಳಾತಲ್ರಿ. ಜ್ವರಾ ಅಂತ ಮಲಗಿದ್ಲು, ಏಳಲೇ ಇಲ್ಲ. ನೀವು ಯಾರ್ರಿ?"

ಕೈಯಲ್ಲಿದ್ದ ಕಾಗದವನ್ನು ಚಾಚಿದೆ. ಅವರು ಮಡಿಕೆ ಬಿಚ್ಚಿದರು. ಎರಡು ಚಿತ್ರ, ಕಪ್ಪು ಚೌಕ, ಅಕ್ಕನ ಕೈಬರಹ, ಅದರ ಮೇಲೆ ನೇರಳೆ ಬಣ್ಣದ ಸಿಕ್ಕಾ. ತುಂಬ ಹೊತ್ತು ನೋಡಿದರು. ನಾನು ಯಾರೆಂದು ಅವರಿಗೆ ತಿಳಿಯಿತು. ಕೂಡ್ರಿ ಎನ್ನಲಿಲ್ಲ, ಹೋಗ್ರಿ ಎಂದೂ ಅನ್ನಲಿಲ್ಲ.

"ನಾವು ಮನ್ಯಾಗ ಎಲ್ಲರೂ ಹೇಳ್ತಿದ್ವಿ, ಅವನೇ ಮುಚ್ಚಿಟ್ಟಾನ, ನೌಕರೀ ಸಲುವಾಗಿ ಮುಚ್ಚಿಟ್ಟಾನ ಅಂತ," ಎಂದರು. "ಅಕ್ಕ ಒಂದ ದಿನಾನೂ ಒಪ್ಪಲಿಲ್ರಿ. ‘ಕಳದಿದ್ರೂ ಹಾಂಗೇ ಮಾತಾಡ್ತಾನ, ಮುಚ್ಚಿಟ್ಟಿದ್ರೂ ಹಾಂಗೇ ಮಾತಾಡ್ತಾನ. ಎರಡೂ ಹೊಂದ್ತಾವ. ನೋಡದೇ ಒಬ್ಬಾಂವಗ ಕಳ್ಳ ಅನಬಾರದು. ನನಗ ಗೊತ್ತಿಲ್ಲ,’ ಅಂತಿದ್ಲು. ಆಸ್ಪತ್ರ್ಯಾಗೂ ಅದೇ ಅಂದ್ಲು."

ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ನನ್ನ ಕೈಗೆ ತಿರುಗಿ ಕೊಟ್ಟರು. "ಇದನ್ನ ನಾವು ಇಟ್ಟು ಏನ್ ಮಾಡೂದದ್ರಿ? ಎಲ್ಲಿ ಹೇಳಬೇಕಿತ್ತೋ ಅಲ್ಲಿ ಹೋಗಿ ಹೇಳ್ರಿ." ಬಾಗಿಲು ಮೆಲ್ಲಗೆ ಹಾಕಿಕೊಂಡರು. ದಡ್ ಎಂದು ಬಡಿಯಲೂ ಇಲ್ಲ. ಆ ಮನೆಯವರೇ ಹೀಗೆ.

ನಿನ್ನೆ ಕಚೇರಿಗೆ ಹೋಗಿ ಬರೆದು ಕೊಟ್ಟೆ. ಎರಡನೆಯ ಪತ್ರ ಕೊಟ್ಟವನು ನಾನೇ, ವಿಚಾರಣೆಯಲ್ಲಿ ಇಲ್ಲ ಎಂದದ್ದು ಸುಳ್ಳು, ಇಗೋ ಸಿಕ್ಕಾ. ಗುಮಾಸ್ತ ಓದಿ ಹಣೆ ಉಜ್ಜಿಕೊಂಡ. "ಆ ಫೈಲ್ ಎಂದೋ ಮುಚ್ಯಾದ ಮಾರಾಯಾ. ಈಗ್ಯಾಕ ಸುಮ್ಕ ಹೊಟ್ಟಿ ಮ್ಯಾಲ ಬರಿ ಎಳಕೋತಿ?" ನನ್ನ ಪ್ರತಿಯ ಮೇಲೆ ಸಿಕ್ಕಾ ಹೊಡೆಯುವ ತನಕ ನಾನು ಟೇಬಲ್ ಬಿಟ್ಟು ಅಲುಗಲಿಲ್ಲ. ಮುಂದಿನ ತಿಂಗಳು ಗುತ್ತಿಗೆ ತಪ್ಪಬಹುದು. ತಪ್ಪಲಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಇದರಿಂದ ಆಯಿ ಬರುವುದಿಲ್ಲ, ಮೇಡಂ ಬರುವುದಿಲ್ಲ. ಸಿಟ್ಟು ಕಡಿಮೆ ಆಗುತ್ತದೆ ಎಂದುಕೊಂಡಿದ್ದೆ, ಅದೂ ಆಗಿಲ್ಲ.

ಇವತ್ತು ಬೆಳಿಗ್ಗೆ ಎದುರು ಮನೆಯ ಅಂಗಳ ನೋಡಿದೆ. ಉಪ್ಪುನೀರು ಒಣಗಿ ಕೆಂಪು ಮಣ್ಣಿನ ಮೇಲೆ ಬಿಳಿ ಕಲೆ ಉಳಿದಿದೆ. ಮಗಳು ಅದರ ಮೇಲೆ ಕುಂಟೆಬಿಲ್ಲೆಯ ಚೌಕ ಗೀಚಿಕೊಂಡು ಜಿಗಿಯುತ್ತಿದ್ದಳು. ಆ ಚೌಕವನ್ನೇ ನೋಡುತ್ತ ನಿಂತೆ. ನನ್ನ ಬಗ್ಗೆ ಮೇಡಂ ಸಾಯುವ ತನಕ ಗೊತ್ತಿಲ್ಲ ಎಂದರು. ಇಡೀ ಬೀದರಿನಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ ಇದ್ದೆ.